ಮರೂನ್ ಪಕ್ಕದ ಖಾನೆ

ಮೂರನೇ ದಿನವೂ ಬಟ್ಟೆ ಕಾರ್ಖಾನೆಯ ಕಚೇರಿಯ ಪ್ರಿಂಟರಿನಿಂದ ಖಾಲಿ ಹಾಳೆಯೇ ಬಂತು. ಲಿಂಗಪ್ಪನ್ ಅದನ್ನು ಮುದ್ದೆ ಮಾಡಿ ಕಾಲಿನಿಂದ ಒದ್ದ.

ವಿದೇಶದ ಗಿರಾಕಿ ಯಾವ ಬಣ್ಣ ಒಪ್ಪಿದ್ದಾನೆಂದು ಅವನ ವೆಬ್ ಪುಟದಿಂದ ಹೆಕ್ಕಿ ಪಟ್ಟಿ ಮಾಡುವ ಪ್ರೋಗ್ರಾಂ ಬರೆದವನು ಲಿಂಗಪ್ಪನ್. ಬೆಳಿಗ್ಗೆ ಒಂಬತ್ತಕ್ಕೆ ಆ ಪಟ್ಟಿ ನೋಡಿಯೇ ಬಣ್ಣ ಹಾಕುವ ಘಟಕದ, ಅಂದರೆ ಸಾಯಪಟ್ಟರೆಯವರು ಬಟ್ಟೆಯನ್ನು ಬಣ್ಣದ ತೊಟ್ಟಿಗೆ ಇಳಿಸುತ್ತಿದ್ದರು. ಈ ವಾರ ಗಿರಾಕಿ ಪುಟ ಬದಲಿಸಿದ್ದ. ಪುಟ ತೆರೆದಾಗಲೆಲ್ಲ ಪ್ರತಿ ಖಾನೆಯ ಗುರುತಿನ ನಂಬರ್, ಅಂದರೆ ಐಡಿ, ಹೊಸದು. ಹಳೆಯದನ್ನು ಹಿಡಿದು ಹುಡುಕಿದರೆ ಏನೂ ಸಿಗದು. ಇವತ್ತೂ ಆಗದಿದ್ದರೆ ನಾಳೆಯಿಂದ ಮತ್ತೆ ಗೋಡೌನಿನಲ್ಲಿ ಬಂಡಲ್ ಕಟ್ಟು ಎಂದು ಮಾಲೀಕ ಸೋಮಸುಂದರಂ ಹೇಳಿಯಾಗಿತ್ತು.

"ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಇದೆಲ್ಲ ಯಾಕೋ?" ದಾವಣಗೆರೆಯಿಂದ ಬಂದಿದ್ದ ಎಂಜಿನಿಯರ್ ವಿಶ್ವಾಸ್ ನಕ್ಕ. "ಗಿರಾಕಿಗೆ ಮೇಲ್ ಹಾಕಿದೀನಿ. ಒಂದು ವಾರ ಕಾಯಿ."

"ವಾರಗಂಟ ತೊಟ್ಟಿ ಸುಮ್ಮನೆ ಇರಬೇಕಾ ಸಾರ್? ನೀವು ಓದಿದವರಲ್ಲ, ನೀವೇ ಮಾಡಿ. ನೋಡ್ತೀನಿ."

ಲಿಂಗಪ್ಪನ್ ಸಿಟ್ಟಿನಲ್ಲೇ ಪ್ರೋಗ್ರಾಮಿನಿಂದ ಐಡಿ ಅಳಿಸಿ, ನಿನ್ನೆ ಮರೂನ್ ಇದ್ದ, ಮೇಲಿನಿಂದ ಐದನೇ ಸಾಲನ್ನು ಮರೂನ್ ಎಂದು ಓದುವಂತೆ ಬರೆದ. ಪಟ್ಟಿ ಬಂತು. 'ಮರೂನ್: ಒಪ್ಪಿಗೆ.' ಕೂಡಲೇ ಸಾಯಪಟ್ಟರೆಗೆ ಫ್ಯಾಕ್ಸ್ ಮಾಡಿದ.

ಗಿರಾಕಿಗೆ ಕಳಿಸುವ ಮಾದರಿ ಬಟ್ಟೆತುಂಡುಗಳ ಫೈಲ್ ನೋಡಿಕೊಳ್ಳುವ ವಳ್ಳಿಯಮ್ಮ ಒಳಬಂದು ಹಾಳೆ ಎತ್ತಿಕೊಂಡಳು.

"ಮರೂನ್‌ಗೆ ಸರಿ ಅಂದಿದ್ದು ಯಾರು ತಂಬಿ? ನಿನ್ನೆ ಕೊರಿಯರ್‌ಲಿ ವಾಪಸ್ ಬಂದದೆ. ತುಂಡಿನ ಮೇಲೆ ಅಡ್ಡಗೀಟು."

ಲಿಂಗಪ್ಪನ್ ಪುಟ ನೋಡಿದ. ಮೇಲೊಂದು ಹೊಸ ಆರ್ಡರ್ ಸೇರಿ ಎಲ್ಲ ಸಾಲುಗಳೂ ಒಂದೊಂದು ಕೆಳಗಿಳಿದಿದ್ದವು. ಐದನೆಯದರಲ್ಲಿ ಈಗ ಹಸಿರು; ಪ್ರೋಗ್ರಾಂ ಓದಿದ್ದು ಅದರ ಒಪ್ಪಿಗೆ. ಗಡಿಯಾರದಲ್ಲಿ ಎಂಟು ಐವತ್ತೆರಡು. ಸಾಯಪಟ್ಟರೆಗೆ ಫೋನ್ ಮಾಡಿ, ಮರೂನ್ ಇಳಿಸಬೇಡಿ ಎಂದು ತಮಿಳಿನಲ್ಲಿ ಕೂಗಿದ. ಇನ್ನೂ ಇಳಿಸಿಲ್ಲ ಎಂದರು.

"ನೀನೆಂಗೆ ಹುಡುಕ್ತೀಯ ಅತ್ತೆ? ನಂಬರ್ ನೋಡಿಯಾ?"

"ನಂಬರ್ ಅವ್ರು ದಿನಕ್ಕೊಂದು ಹಾಕ್ತಾರೆ. ಫೈಲಿನ ಸಾಲೂ ನಿಲ್ಲಲ್ಲ. ನಾನು ತುಂಡು ನೋಡೋದು, ಅದ್ರ ಪಕ್ಕ ಏನ್ ಬರೆದದೋ ಅದು. ಅಷ್ಟೇ ತಂಬಿ."

ಅವನು ಕೀಲಿಗಳನ್ನು ಗುದ್ದುತ್ತಾ ಬರೆದ: ಮರೂನ್ ಎಂಬ ಪದ ಎಲ್ಲೇ ಇರಲಿ, ಅದರ ಬಲಗಡೆಯ ಖಾನೆ ತೆಗೆ. ಹಾಳೆ ಹೊರಬಂತು. 'ಮರೂನ್: ತಿರಸ್ಕೃತ.'

ವಿಶ್ವಾಸ್ ಕುರ್ಚಿ ಹತ್ತಿರ ಎಳೆದುಕೊಂಡ. "ಇನ್ನೊಂದ್ಸಲ ತೆರಿ, ನೋಡೋಣ."

ಲಿಂಗಪ್ಪನ್ ಅವನತ್ತ ನೋಡದೆ ಪುಟ ತೆರೆದ. ಐಡಿ ಬದಲಾಯಿತು. ಅದೇ ಪಟ್ಟಿ ಬಂತು. ಮತ್ತೆ ತೆರೆದ.

ಪಕ್ಕದ ಮೇಜಿನಲ್ಲಿ ವಳ್ಳಿಯಮ್ಮ ಸ್ಟೇಪಲ್ ಪಿನ್ ಹಲ್ಲಿನಲ್ಲಿ ಕಚ್ಚಿಕೊಂಡು, ಮರೂನ್ ತುಂಡನ್ನು ಕಾರ್ಡಿನಿಂದ ಬಿಡಿಸಿ, ಇನ್ನೊಂದಕ್ಕೆ ಜಾಗ ಮಾಡುತ್ತಿದ್ದಳು.