ಆಸನ ಸೌಖ್ಯ: ಹತ್ತಕ್ಕೆ ಒಂದು

ಯುದ್ಧದ ಟ್ಯಾಂಕಿನೊಳಗೆ ಸೀಟು ಇರುತ್ತದೆ ಎಂಬುದು ಬಹಳ ಜನರಿಗೆ ಹೊಳೆಯುವುದೇ ಇಲ್ಲ. ತೋಪಿನ ಉದ್ದ ಕೇಳುತ್ತಾರೆ, ಉಕ್ಕಿನ ದಪ್ಪ ಕೇಳುತ್ತಾರೆ. ಒಳಗಿರುವ ಸೈನಿಕ ಏನು ನಿಂತೇ ಯುದ್ಧ ಮಾಡುತ್ತಾನೆಯೇ? ಅವನೂ ಕೂರಬೇಕು. ಹಾಗೆ ಕೂರುವವರಿಗಾಗಿ ಟ್ಯಾಂಕ್ ರಿಪೇರಿ ಕಾರ್ಖಾನೆಯ ಹಿಂಬದಿಯ ತಗಡಿನ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಸೀಟು ಹೊಲಿಯುತ್ತ ಬಂದವನು ನಮ್ಮ ಸೀಟು ಮೇಸ್ತ್ರಿ. ಕ್ಯಾನ್ವಾಸು, ಮೇಣ ಸವರಿದ ದಾರ, ದಬ್ಬಳ, ಒಳಗೆ ತುಂಬಲು ಒರಟು ನಾರು, ಮೇಲೆ ಶಾಸ್ತ್ರಕ್ಕೆಂದು ಒಂದು ಹಿಡಿ ಹತ್ತಿ. ತನ್ನ ಸೀಟಿನಂಥ ಸೀಟು ಭೂಮಿಯ ಮೇಲೆ ಇನ್ನೊಂದಿಲ್ಲ ಎಂದು ಅವನು ನಂಬಿದ್ದ.

ಹೆಂಡತಿಯ ತಮ್ಮ ಮಾತ್ರ ಅದನ್ನು ನಂಬುತ್ತಿರಲಿಲ್ಲ. ಅವನು ಟ್ಯಾಂಕ್ ಡ್ರೈವರ್. ಒಂಬತ್ತು ವರ್ಷ ಭಾವನ ಸೀಟಿನ ಮೇಲೆ ಕೂತ ಅನುಭವಸ್ಥ. ಅಕ್ಕನ ಮನೆಗೆ ಬಂದಾಗಲೆಲ್ಲ ಕುರ್ಚಿ ಬೇಡವೆಂದು ಗೋಡೆಗೆ ಬೆನ್ನು ಕೊಟ್ಟು ನಿಂತೇ ಚಹಾ ಕುಡಿಯುತ್ತಿದ್ದ.

"ಭಾವ, ಅದು ಸೀಟಲ್ಲ, ಶಿಕ್ಷೆ," ಎನ್ನುತ್ತಿದ್ದ.

"ಸೈನಿಕ ಅಂದ್ಮೇಲೆ ನೆಟ್ಟಗೆ ಕೂತ್ಕೋಬೇಕಪ್ಪ. ಮೆತ್ತಗಿರೋದು ಬೇಕಿದ್ರೆ ಬ್ಯಾಂಕಿಗೆ ಸೇರ್ಕೋಬೇಕಿತ್ತು," ಎಂದು ಮೇಸ್ತ್ರಿ ಅಷ್ಟಕ್ಕೇ ಮಾತು ಮುಗಿಸುತ್ತಿದ್ದ.

ಹೀಗಿರುವಾಗ ಹಳೆಯ ಟ್ಯಾಂಕುಗಳಿಗೆ ವಯಸ್ಸಾಯಿತು. ಹೊಸದು ಕೊಳ್ಳಬೇಕೆಂದು ಮೂರು ಮಾದರಿಗಳನ್ನು ತರಿಸಿ ಪರೀಕ್ಷಾ ಮೈದಾನದಲ್ಲಿ ನಿಲ್ಲಿಸಿದರು. ಕಡತದಲ್ಲಿ ಅವಕ್ಕೆ ಮಾರುದ್ದದ ಹೆಸರುಗಳು. ಕಾರ್ಖಾನೆಯವರ ಬಾಯಲ್ಲಿ ಆನೆ, ಓತಿಕ್ಯಾತ, ಮದುಮಗಳು. ಆನೆ ಎಪ್ಪತ್ತು ಟನ್ನು. ಕವಚ ಎಷ್ಟು ದಪ್ಪವೆಂದರೆ ಬಡಿದ ಗುಂಡೇ ನೊಂದುಕೊಂಡು ಹಿಂದಿರುಗಬೇಕು. ಆದರೆ ಅದನ್ನು ಹೊರುವಂಥ ಸೇತುವೆ ಹುಡುಕಿಕೊಂಡು ಹೋಗುವಷ್ಟರಲ್ಲಿ ಯುದ್ಧವೇ ಮುಗಿದಿರುತ್ತದೆ. ಓತಿಕ್ಯಾತ ಕುಳ್ಳು, ಹಗುರ, ಕೆಸರಿನಲ್ಲೂ ಸರಸರ ಓಡುತ್ತಿತ್ತು. ಹಿಂದಕ್ಕೆ ಬಾ ಎಂದರೆ ಮಾತ್ರ ಅದಕ್ಕೆ ಎಲ್ಲಿಲ್ಲದ ಮುನಿಸು. ಮದುಮಗಳಿಗೆ ಮೈತುಂಬ ಪರದೆ, ಬಟನ್ನು, ಕ್ಯಾಮೆರಾ. ಓಡುತ್ತಲೇ ಎರಡು ಕಿಲೋಮೀಟರು ದೂರದ ಗುರಿಗೆ ಹೊಡೆಯುತ್ತಿತ್ತು. ಕೆಳಗಿನ ಒಡಲು ಎತ್ತ ಹೊರಳಿದರೂ ಮೇಲಿನ ತೋಪು ಗುರಿಯಿಂದ ಕದಲುವುದಿಲ್ಲ ಎಂಬುದೇ ಅದರ ಹೆಚ್ಚುಗಾರಿಕೆ. ಇದನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಸಮಿತಿಯಲ್ಲಿದ್ದ ಕವಚದ ತಜ್ಞರಿಗೆ ಆನೆಯೆಂದರೆ ಪ್ರಾಣ, ಎಂಜಿನ್ ತಜ್ಞರಿಗೆ ಓತಿಕ್ಯಾತ, ತೋಪಿನ ತಜ್ಞರಿಗೆ ಮದುಮಗಳು. ಪ್ರತಿಯೊಬ್ಬರೂ ತಮ್ಮ ಮುದ್ದಿನದಕ್ಕೆ ಅಂಕ ಸುರಿದು ಉಳಿದೆರಡಕ್ಕೆ ಕೈ ಬಿಗಿಹಿಡಿದರು. ಹದಿನೈದು ದಿನ ಮಣ್ಣು ಹಾರಿಸಿ, ಡೀಸೆಲ್ ಕುಡಿಸಿ, ಗಂಟಲು ಹರಿಯುವಂತೆ ಜಗಳವಾಡಿ ಕೂಡಿದರೆ ಮೂರಕ್ಕೂ ತಲಾ ಇನ್ನೂರ ಎಂಬತ್ತೊಂದೇ ಅಂಕ. ಹಾಳೆಯ ತೀರಾ ಕೆಳಗೆ ಯಾರೂ ತುಂಬದೆ ಬಿಟ್ಟ ಒಂದು ಸಾಲು ಉಳಿದಿತ್ತು: ಆಸನ ಸೌಖ್ಯ, ಹತ್ತು ಅಂಕ. ಅದನ್ನು ತುಂಬುವುದು ತಮ್ಮ ವಿದ್ಯೆಗೆ ಅವಮಾನವೆಂದು ತಜ್ಞರು ಮುಖ ತಿರುಗಿಸಿದರು.

ಸಮಿತಿಯ ಅಧ್ಯಕ್ಷರಾದ ಮೀಸೆ ಸಾಹೇಬರು, "ಸೀಟು ಹೊಲಿಯೋನು ಒಬ್ಬ ಇದಾನಲ್ಲ, ಅವನನ್ನೇ ಕೂರಿಸಿ," ಎಂದರು.

ಸುದ್ದಿ ಕೇಳಿದ ಮೇಸ್ತ್ರಿಯ ಎದೆ ಧಸಕ್ಕೆಂದಿತು. ಆನೆಗೂ ಓತಿಕ್ಯಾತಕ್ಕೂ ಹೊಲಿದ ಸೀಟು. ಮದುಮಗಳದ್ದು ಅಚ್ಚಿನಲ್ಲಿ ಹೊಯ್ದ ಫೋಮು. ಅದಕ್ಕೆ ಸೂಜಿ ಬೇಡ, ದಾರ ಬೇಡ, ಮೇಸ್ತ್ರಿಯೂ ಬೇಡ. ಮದುಮಗಳು ಗೆದ್ದರೆ ಶೆಡ್ಡಿಗೆ ಬೀಗ, ಮೇಸ್ತ್ರಿಗೆ ಗೇಟಿನ ಅಡ್ಡಕಂಬ ಎತ್ತಿ ಇಳಿಸುವ ಕೆಲಸ ಎಂದು ಕಾರ್ಖಾನೆಯಲ್ಲಿ ಆಗಲೇ ಗುಸುಗುಸು ಎದ್ದಿತ್ತು. ಆ ಕಂಬವನ್ನು ನೆನೆದೇ ಅವನಿಗೆ ಅಳು ಬರುವಂತಾಗುತ್ತಿತ್ತು.

ಮರುದಿನ ತಿಂಡಿ ತಿನ್ನುತ್ತಲೇ ಅವನು ಆಸನ ಸೌಖ್ಯಕ್ಕೆಂದೇ ಬೇರೆಯಾಗಿ ಕೊಟ್ಟಿದ್ದ ಅಂಕದ ಹಾಳೆ ತುಂಬಿಬಿಟ್ಟ. ಆನೆಗೆ ಎಂಟು, ಓತಿಕ್ಯಾತಕ್ಕೆ ಏಳು, ಮದುಮಗಳಿಗೆ ಒಂದು. ಸೊನ್ನೆ ಹಾಕಲು ಕೈ ಬರಲಿಲ್ಲ, ಅಷ್ಟು ಒಳ್ಳೆಯ ಮನುಷ್ಯ.

ಹೆಂಡತಿ ಇಣುಕಿ ನೋಡಿದಳು. "ಇನ್ನೂ ಕೂತೇ ಇಲ್ಲ, ಮಾರ್ಕ್ಸ್ ಹೆಂಗೆ ಕೊಟ್ರಿ?"

"ಇಪ್ಪತ್ತೆರಡು ವರ್ಷದ ಸರ್ವೀಸು ಕಣೇ. ನೋಡಿದ್ರೇ ಗೊತ್ತಾಗುತ್ತೆ."

"ನೋಡೋದು ಕಣ್ಣಿನಿಂದ. ಕೂರೋದು ಬೇರೆ ಕಡೆಯಿಂದ ಅಲ್ವಾ?" ಎಂದು ಅವಳು ತಟ್ಟೆ ಎತ್ತಿಕೊಂಡು ಹೋದಳು.

ಮೈದಾನದಲ್ಲಿ ಆನೆಯ ಸೀಟಿನಲ್ಲಿ ಕೂತಾಗ ಮೊಣಕಾಲು ಗಲ್ಲಕ್ಕೆ ಬಡಿಯಿತು. ಓತಿಕ್ಯಾತದೊಳಗೆ ಅವನನ್ನು ಬಟ್ಟೆ ಮಡಿಸಿದಂತೆ ಮಡಿಸಿ ಇಳಿಸಬೇಕಾಯಿತು. "ಆಹಾ, ಏನು ಸುಖ!" ಎಂದು ಸೊಂಟ ಹಿಡಿದುಕೊಂಡೇ ಹೊರಬಂದ. ಊಟದ ನಂತರ ಮದುಮಗಳ ಸರದಿ. ಮುಂದೆ ಡ್ರೈವರಾಗಿ ಭಾವಮೈದುನ, ಒಳಗೆ ತೋಪಿನವನು, ಅಪ್ಪಣೆ ಕೊಡಬೇಕಾದ ಕಮಾಂಡರನ ಸೀಟಿನಲ್ಲಿ ನಮ್ಮ ಮೇಸ್ತ್ರಿ.

ಕೂತ. ಸೀಟು ಮೆಲ್ಲಗೆ ಕುಸಿದು ಸೊಂಟವನ್ನು ತಬ್ಬಿಕೊಂಡಿತು. ಬೆನ್ನಿನಲ್ಲಿ ಎಷ್ಟೋ ವರ್ಷದಿಂದ ಬಿಗಿದುಕೊಂಡಿದ್ದ ಗಂಟೊಂದು ಸಡಿಲವಾಯಿತು. 'ಇದು ಮೋಸ' ಎಂದು ಮೇಸ್ತ್ರಿ ಅಂದುಕೊಂಡ. 'ಶತ್ರುವಿನ ಕುತಂತ್ರ' ಎಂದೂ ಅಂದುಕೊಂಡ. ಅಷ್ಟರಲ್ಲಿ ತಣ್ಣನೆಯ ಗಾಳಿ ಮುಖಕ್ಕೆ ಬೀಸಿತು. ಮೊದಲ ಗುಂಡು ಹಾರಿದ್ದು ಅವನಿಗೆ ಎಲ್ಲೋ ದೂರದಲ್ಲಿ ಬಾಗಿಲು ಹಾಕಿದಂತೆ ಕೇಳಿಸಿತು. ಎರಡನೆಯದು ಕೇಳಿಸಲೇ ಇಲ್ಲ.

ಮುಂದಿದ್ದ ಭಾವಮೈದುನನ ಕಥೆಯೂ ಅದೇ. ಒಂಬತ್ತು ವರ್ಷದ ನಿದ್ದೆ ಬಾಕಿಯಿದ್ದ ಬಡಪಾಯಿ. ಒರಗಿ ಕೂರುವ ಆ ಸೀಟಿನಲ್ಲಿ ಒಂಬತ್ತು ನಿಮಿಷವೂ ತಡೆಯಲಿಲ್ಲ. ಮದುಮಗಳು ನಿಧಾನವಾಗಿ ದಾರಿ ಬಿಟ್ಟು ಸಮಿತಿಯ ಡೇರೆಯತ್ತ ಹೊರಳಿತು. ಒಡಲು ಡೇರೆಯ ಕಡೆಗೆ, ತೋಪು ಮಾತ್ರ ಗುರಿಯ ಕಡೆಗೇ. ದುರ್ಬೀನಿಗೆ ಕಣ್ಣಂಟಿಸಿದ್ದ ತೋಪಿನವನಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಪಾಪ, ಅವನು ಶ್ರದ್ಧೆಯಿಂದ ಹೊಡೆಯುತ್ತಲೇ ಇದ್ದ.

ತಜ್ಞರು ಎದ್ದೆವೋ ಬಿದ್ದೆವೋ ಎಂದು ಓಡಿ ಪಕ್ಕದ ಹಳ್ಳಕ್ಕೆ ಹಾರಿದರು. ಮದುಮಗಳು ಮೇಜು, ಬಿಸ್ಕತ್ತು, ಹದಿನೈದು ದಿನದ ಅಂಕಪಟ್ಟಿ ಎಲ್ಲವನ್ನೂ ಅರೆದು, ಡೇರೆಯನ್ನು ತಲೆಗೆ ಹೊದ್ದುಕೊಂಡು, ಮಣ್ಣಿನ ದಿಬ್ಬಕ್ಕೆ ಮುಖ ಒರಗಿಸಿ ನಿಂತಿತು. "ಕತ್ತಲಾಯ್ತು! ಏನೂ ಕಾಣಿಸ್ತಿಲ್ಲ!" ಎಂದು ತೋಪಿನವನು ಒಳಗಿಂದ ಕೂಗಿದ.

"ಮೇಜಿನ ಮೇಲೆ ಹತ್ತಿದಾಗ್ಲೂ ಗುರಿ ತಪ್ಪಲಿಲ್ಲ, ನೋಡಿದ್ರಾ!" ಎಂದು ತೋಪಿನ ತಜ್ಞರು ಹಳ್ಳದೊಳಗಿಂದಲೇ ಕುಣಿದಾಡಿದರು. ಇದನ್ನು ಕಣ್ಣಾರೆ ಕಂಡ ಮೇಲೆ ಉಳಿದಿಬ್ಬರೂ ಮದುಮಗಳಿಗೇ ತಲೆಯಾಡಿಸಿದರು.

ಮುಚ್ಚಳ ತೆಗೆದರೆ ಎರಡು ಗೊರಕೆ. ಮೀಸೆ ಸಾಹೇಬರು ಮೇಸ್ತ್ರಿಯನ್ನು ಅಲುಗಾಡಿಸಿ ಎಬ್ಬಿಸಿದರು. ಅವನ ಜೇಬಿನಿಂದ ಹಾಳೆ ಎಳೆದು ಓದಿದರು.

"ಹತ್ತಕ್ಕೆ ಒಂದಾ? ಏಳು ಗುಂಡು ಹಾರಿದ್ರೂ ಏಳ್ಲಿಲ್ಲವಲ್ಲಯ್ಯ ನೀನು!"

ಮೇಸ್ತ್ರಿ ಬೆವರಿದ. ಕಣ್ಣಿಗೆ ತನ್ನ ಶೆಡ್ಡು ಕಟ್ಟಿತು, ಆಮೇಲೆ ಗೇಟಿನ ಕಂಬ ಕಟ್ಟಿತು. ಆದರೆ ಮೈದಾನವಿಡೀ ಅವನ ಗೊರಕೆ ಕೇಳಿದ ಮೇಲೆ ಇನ್ನೆಂಥ ಸುಳ್ಳು ಹೇಳುವುದು? "ತಪ್ಪಾಯ್ತು ಸಾರ್. ಮನೇಲೇ ಕೂತು ಬರೆದದ್ದು. ಇಂಥ ಸೀಟು ನನ್ನ ಜನ್ಮದಲ್ಲಿ ನೋಡಿಲ್ಲ," ಎಂದು ಒಂದನ್ನು ಹೊಡೆದುಹಾಕಿ ಹತ್ತು ಎಂದು ಬರೆದ. ಹೊಟ್ಟೆ ಉರಿಯಿತು, ಆದರೆ ಬರೆದ.

ಸಾಹೇಬರು ಮೀಸೆ ನೀವುತ್ತ ಭಾವಮೈದುನನ ಕಡೆ ತಿರುಗಿದರು. "ಹಳೇ ಟ್ಯಾಂಕಿನಲ್ಲಿ ಯಾವತ್ತಾದ್ರೂ ತೂಕಡಿಸಿದ್ಯೇನೋ?"

"ಇಲ್ಲ ಸಾರ್! ಭಾವನ ಸೀಟಿನ ಮೇಲೆ ನಿದ್ದೆ ಮಾಡೋದು ಮನುಷ್ಯನ ಕೈಲಾಗಲ್ಲ ಸಾರ್. ಬೇಕಿದ್ರೆ ಯಾರನ್ನಾದ್ರೂ ಕೇಳಿ!"

ಕೇಳಿದರು. ಒಬ್ಬೊಬ್ಬ ಡ್ರೈವರನೂ ಸೊಂಟ ಮುಟ್ಟಿಕೊಂಡು ಆಣೆ ಮಾಡಿದ.

ವಾರದ ನಂತರ ಆದೇಶ ಬಂತು. ಹೆಂಡತಿ ಗಟ್ಟಿಯಾಗಿ ಓದಿದಳು: ಮದುಮಗಳನ್ನೇ ಕೊಳ್ಳತಕ್ಕದ್ದು. ಅದರ ಸೀಟುಗಳು ಸೈನ್ಯಕ್ಕೆ ಅಪಾಯಕಾರಿಯಾದ್ದರಿಂದ ಕಿತ್ತುಹಾಕಿ, ಮೇಸ್ತ್ರಿಯವರು ಹೊಲಿದ ಸೀಟುಗಳನ್ನೇ ಜೋಡಿಸತಕ್ಕದ್ದು. ಕಳೆದ ಇಪ್ಪತ್ತೆರಡು ವರ್ಷಗಳಲ್ಲಿ ಸದರಿಯವರ ಸೀಟಿನ ಮೇಲೆ ಒಬ್ಬನಾದರೂ ಕಣ್ಣು ಮುಚ್ಚಿದ ದಾಖಲೆ ಇರುವುದಿಲ್ಲ.

"ಹೊಗಳಿದಾರೋ ಬೈದಿದಾರೋ?" ಎಂದು ಮೇಸ್ತ್ರಿ ಕೇಳಿದ.

"ಕೆಲಸ ಉಳೀತಲ್ಲ, ಸುಮ್ನಿರಿ," ಎಂದು ಹೇಳಿ ಅವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಒಳಗಿನಿಂದ ಬಹಳ ಹೊತ್ತು ನಗು ಕೇಳಿಸುತ್ತಿತ್ತು.

ಮರುದಿನ ಮೇಸ್ತ್ರಿ ಶೆಡ್ಡಿನ ಬಾಗಿಲು ತೆಗೆದ. ಬದುಕಿದೆನೆಂಬ ಸಂತೋಷವೂ ಇತ್ತು, ಮಾನ ಹೋಯಿತೆಂಬ ಸಂಕಟವೂ ಇತ್ತು. ಮೊದಲು ಹೊಲಿಯಲು ಎತ್ತಿಕೊಂಡದ್ದು ಭಾವಮೈದುನನ ಟ್ಯಾಂಕಿನ ಸೀಟು. ಒಂಬತ್ತು ವರ್ಷ ಆ ಹುಡುಗ ನಿಂತೇ ಚಹಾ ಕುಡಿದದ್ದು ನೆನಪಾಗಿ ಕರುಳು ಚುರ್ ಎಂದಿತು. ನಾರಿನ ಮೇಲೆ ಎಂದಿನ ಒಂದು ಹಿಡಿ ಹತ್ತಿ ಹರಡಿದ. ಇನ್ನೂ ಒಂದು ಹಿಡಿ ಹೆಚ್ಚಿಗೆ ಹಾಕಿದ. ಕ್ಯಾನ್ವಾಸು ಎಳೆದು, ಹೊಲಿಯುವ ಮೊದಲು ಕೂತು ನೋಡಿದ. ಹಿತವಾಗಿತ್ತು. ಗೇಟಿನ ಕಂಬ ನೆನಪಾಯಿತು. ಎದ್ದು, ಆ ಹೆಚ್ಚಿನ ಹಿಡಿಯಲ್ಲಿ ಅರ್ಧವನ್ನು ವಾಪಸ್ ತೆಗೆದ.