ವೆಲ್ಡರನ ತಲೆಯ ಜವಾಬ್ದಾರಿ

ನಮ್ಮ ಬೀದಿಯಲ್ಲಿ ಹೆಲ್ಮೆಟ್ಟಿಗೆ ಬರವಿಲ್ಲ. ಒಂದು ಬೈಕಿನ ಕನ್ನಡಿಗೆ ನೇತಾಡುತ್ತದೆ, ಇನ್ನೊಂದು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತಿರುತ್ತದೆ, ಮತ್ತೊಂದು ಯಾರದೋ ಮೊಣಕೈಯಲ್ಲಿರುತ್ತದೆ. ತಲೆಗೆ ಏರಿದ್ದಕ್ಕೂ ಗದ್ದದ ಕೆಳಗಿನ ಪಟ್ಟಿ ಬಿಗಿದಿರುವುದಿಲ್ಲ. ನಾನು ಸಲೂನ್ ಇಟ್ಟುಕೊಂಡವನು, ಬೆಳಗಾದರೆ ಹಿಡಿಯುವುದು ತಲೆಗಳನ್ನೇ. ಕಣತಲೆಯ ಹತ್ತಿರ ಕತ್ತಿ ಆಡಿಸುವಾಗ ಉಸಿರು ಬಿಗಿಹಿಡಿಯುತ್ತೇನೆ. ಅಂಥ ತಲೆಯನ್ನು ಹೀಗೆ ಬೀದಿಗೆ ಬಿಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ನನ್ನ ಪಕ್ಕದ್ದೇ ವೆಲ್ಡಿಂಗ್ ಅಂಗಡಿ. ಅದರ ಯಜಮಾನ ನನ್ನ ಚಿಕ್ಕಂದಿನ ಗೆಳೆಯ, ಎಲ್ಲರ ಬಾಯಲ್ಲೂ ಅವನು ಕಿಡಿ. ಕೆಲಸದಲ್ಲಿ ಬಲು ಜಾಗ್ರತೆ. ಮುಖವಾಡವನ್ನು ಹಣೆಯ ಮೇಲೆ ಎತ್ತಿಟ್ಟುಕೊಂಡು ಕಬ್ಬಿಣ ನೋಡುತ್ತಾನೆ. ಬೆಂಕಿ ಹಾರುವ ಮೊದಲು ತಲೆಯನ್ನು ಒಮ್ಮೆ ಕೆಳಕ್ಕೆ ಕುಲುಕಿದರೆ ಮುಖವಾಡ ಟಪ್ಪೆಂದು ಬೀಳುತ್ತದೆ. ಎರಡೂ ಕೈಗೆ ಕೆಲಸವಿರುವವನಿಗೆ ಅದೇ ಸಲೀಸು. ಹೆಲ್ಮೆಟ್ಟನ್ನೂ ಅವನು ಹಾಗೇ ಹಾಕುತ್ತಿದ್ದ. ಪಟ್ಟಿ ಬಿಗಿದರೆ ಮೇಲಕ್ಕೆ ಎತ್ತುವುದು ಹೇಗೆ ಎನ್ನುವುದು ಅವನ ವಾದ.

ನಾವಿಬ್ಬರೇ ರಿಪೇರಿ ಮಾಡಿದ ಹಳೇ ಬೈಕಿನಲ್ಲಿ, ಹೆದ್ದಾರಿ ಬಿಟ್ಟು, ಗುಡ್ಡಗಳ ಹಿಂದಿನ ಮಣ್ಣುದಾರಿ, ಕಾಲುದಾರಿಗಳಲ್ಲಿ ನಾಲ್ಕು ದಿನ ಸುತ್ತಬೇಕೆಂದು ಎಷ್ಟೋ ವರ್ಷದ ಆಸೆಯಿತ್ತು. ಹೊರಟ ಬೆಳಿಗ್ಗೆ ಅವನ ಹೆಂಡತಿ ಅಡ್ಡ ಬಂದು, ತಾನೇ ಅವನ ಹೆಲ್ಮೆಟ್ಟಿನ ಪಟ್ಟಿ ಬಿಗಿದಳು.

"ಅಣ್ಣ, ಈ ತಲೆಗೆ ಕತ್ತರಿ ಹಾಕೋರು ನೀವೇ. ಈಗ ನಿಮ್ಮ ಕೈಗೇ ಕೊಡ್ತಿದೀನಿ. ಹೋದ ಹಾಗೇ ವಾಪಸ್ ತಂದುಕೊಡಬೇಕು."

"ತಂದುಕೊಡ್ತೀನಿ ತಂಗಿ," ಎಂದೆ. ಕೊಟ್ಟ ಮಾತು ಕೊಟ್ಟ ಹಾಗೆಯೇ.

ಬೀದಿ ತಿರುಗಿದ್ದೇ ತಡ, ಗಾಡಿ ಓಡಿಸುತ್ತಿದ್ದ ಕಿಡಿ ಪಟ್ಟಿ ಬಿಚ್ಚಿದ.

"ಲೋ, ಅವಳಿನ್ನೂ ಬಾಗಿಲಲ್ಲೇ ನಿಂತಿರ್ತಾಳೆ ಕಣೋ!"

"ನಿಂತಿರಲಿ ಬಿಡು. ಗುಡ್ಡದ ದಾರೀಲಿ ಲಾರಿ ಬರುತ್ತಾ, ಬಸ್ಸು ಬರುತ್ತಾ? ಆಮೆ ಥರ ಹೋಗೋದಕ್ಕೆ ಈ ಕಟ್ಟು ಬೇರೆ!"

"ಬೀಳೋದಕ್ಕೆ ಲಾರಿಯೇ ಬರಬೇಕಾ?"

"ಸುಮ್ನೆ ಕೂತ್ಕೊಳೋ. ನಿನ್ನ ಬಾಯಿ ಕತ್ತರಿಗಿಂತ ಜಾಸ್ತಿ ಆಡುತ್ತೆ."

ಮೊದಲ ದಿನ ಏನೂ ಆಗಲಿಲ್ಲ. ಅದೇ ಎಡವಟ್ಟಾಯಿತು, ಅವನ ಧೈರ್ಯ ಇನ್ನಷ್ಟು ಏರಿತು. ನಿಂತಲ್ಲೆಲ್ಲ ನಾನು ಪಟ್ಟಿಯ ಮಾತು ತೆಗೆದೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು.

ಎರಡನೆಯ ದಿನ ಮಧ್ಯಾಹ್ನ ಇಳಿಜಾರಿನ ಕಾಲುದಾರಿ ಬಂತು. ಮರದ ಬೇರುಗಳು ದಾರಿಗೆ ಅಡ್ಡ ಚಾಚಿಕೊಂಡಿದ್ದವು. ನಡೆದು ಹೋಗುವವನೂ ನಮ್ಮನ್ನು ಹಿಂದೆ ಹಾಕುತ್ತಿದ್ದ, ಅಷ್ಟು ನಿಧಾನವಾಗಿ ಇಳಿಯುತ್ತಿದ್ದೆವು. ದಾರಿ ಚೆನ್ನಾಗಿ ಕಾಣಲೆಂದು ಕಿಡಿ ಹೆಲ್ಮೆಟ್ಟನ್ನು ಹಿಂದಕ್ಕೆ ಎತ್ತಿಕೊಂಡಿದ್ದ. ಮುಂದಿನ ಚಕ್ರ ಬೇರಿಗೆ ಬಡಿಯಿತು. ಅಪಾಯ ಕಂಡ ಕೂಡಲೇ ಅವನ ದೇಹ ಇಷ್ಟು ವರ್ಷ ಕಲಿತದ್ದನ್ನೇ ಮಾಡಿತು. ತಲೆ ಕುಲುಕಿದ. ಹೆಲ್ಮೆಟ್ಟು ಸರಿದು ಕಣ್ಣಿಗೆ ಅಡ್ಡ ಬಿತ್ತು.

"ಅಯ್ಯೋ!" ಎನ್ನುವಷ್ಟರಲ್ಲಿ ಇಬ್ಬರೂ ನೆಲ ಕಂಡಿದ್ದೆವು. ಅವನ ಹೆಲ್ಮೆಟ್ಟು ಅವನಿಗಿಂತ ಮೊದಲೇ ಹಾರಿ ಕೊರಕಲಿಗೆ ಉರುಳಿತು. ನನ್ನ ತಲೆ ಒಂದು ಬಂಡೆಗೆ ಬಡಿದು ಕಿವಿ ಗುಂಯ್‌ಗುಟ್ಟಿತು. ಎದ್ದು ನೋಡುತ್ತೇನೆ, ಕಿಡಿ ತರಗೆಲೆಗಳ ಮೇಲೆ ಬರಿತಲೆಯಲ್ಲಿ ಬಿದ್ದಿದ್ದಾನೆ. ಅದೇ ಬಂಡೆ ಅವನ ಕಿವಿಯಿಂದ ಒಂದು ಗೇಣು ದೂರದಲ್ಲಿತ್ತು.

"ಏಯ್, ಮಾತಾಡೋ!"

"ಮೊಣಕೈ ತರಚಿದೆ ಅಷ್ಟೆ ಕಣೋ. ನಿನಗೆ?"

ನಾನು ನನ್ನ ತಲೆಯ ಹೆಲ್ಮೆಟ್ಟು ತೆಗೆದು ಅವನ ಕೈಗಿಟ್ಟೆ. ಪಕ್ಕದಲ್ಲಿ ಉದ್ದಕ್ಕೂ ಬಿರುಕು ಬಿಟ್ಟಿತ್ತು. ಅವನು ಅದರ ಮೇಲೆ ಬೆರಳಾಡಿಸಿದ. ಆಮೇಲೆ ಬಂಡೆ ನೋಡಿದ.

ಕೊನೆಗೆ ಬೈಕ್ ಎತ್ತಿ, "ಹತ್ತು, ನಿಧಾನಕ್ಕೆ ಹೋಗೋಣ. ಇಲ್ಲಿ ಯಾವ ಪೊಲೀಸ್ ಬರ್ತಾನೆ?" ಎಂದ.

ನನಗೆ ರೇಗಿತು. "ಆ ಬಂಡೆ ಏನು ಪೊಲೀಸ್ ಬರಲಿ ಅಂತ ಕಾದಿತ್ತಾ? ನಿನ್ನ ಹೆಲ್ಮೆಟ್ಟು ಕೊರಕಲಲ್ಲಿದೆ. ನಂದು ಬಿರುಕು ಬಿಟ್ಟಿದೆ. ಒಂದು ಸಲ ಪೆಟ್ಟು ತಿಂದದ್ದು ಇನ್ನೊಂದು ಸಲ ಕಾಯಲ್ಲ. ಹೊಸದು ಸಿಗೋವರೆಗೂ ಈ ಗಾಡಿ ಸ್ಟಾರ್ಟ್ ಆಗಲ್ಲ. ಕೀ ಕೊಡು."

"ತಲೆ ಕೆಟ್ಟಿದೆಯಾ? ಮುಂದೆ ಏರು ಕಣೋ!"

"ಇರಲಿ. ತಳ್ಳು."

ಅವನು ನನ್ನ ಮುಖ ನೋಡಿದ, ಬಂಡೆಯನ್ನು ಇನ್ನೊಮ್ಮೆ ನೋಡಿದ, ಕೀ ಕೊಟ್ಟ. ತಳ್ಳಿದೆವು ಸ್ವಾಮಿ, ಆ ಏರನ್ನೆಲ್ಲ ತಳ್ಳಿದೆವು. ಅವನು ಹ್ಯಾಂಡಲ್ ಹಿಡಿದು ಮುಂದೆ, ನಾನು ಸೀಟಿಗೆ ಭುಜ ಕೊಟ್ಟು ಹಿಂದೆ. ದಾರಿಯುದ್ದಕ್ಕೂ ನನ್ನ ಏಳು ತಲೆಮಾರಿಗೆ ಬೈಗುಳ ಸಿಕ್ಕಿತು. ಡಾಂಬರು ರಸ್ತೆಯಲ್ಲಿದ್ದ ಹೆಲ್ಮೆಟ್ಟಿನ ಅಂಗಡಿ ಮುಟ್ಟುವಾಗ ಹೊತ್ತು ಇಳಿದಿತ್ತು.

ಅಂಗಡಿಯಾಕೆ ಇಬ್ಬರಿಗೂ ಹೊಸ ಹೆಲ್ಮೆಟ್ಟು ಕೊಟ್ಟರೆ ಕಿಡಿ ತಾನಾಗಿಯೇ ಪಟ್ಟಿ ಬಿಗಿದ. ತಲೆಯನ್ನು ಜೋರಾಗಿ ಕುಲುಕಿ ನೋಡಿದ. ಅಲುಗಲಿಲ್ಲ.

"ಈಗ ಸರಿಯಾ?" ಎಂದ.

ನಾನು ಪಟ್ಟಿಗೂ ಅವನ ಗದ್ದಕ್ಕೂ ನಡುವೆ ಬೆರಳು ತೂರಿಸಿದೆ. ಒಂದು ಬೆರಳು ಹೋಯಿತು, ಮುಷ್ಟಿ ಹೋಗಲಿಲ್ಲ. "ಈಗ ಸರಿ," ಎಂದು ಕೀ ಕೊಟ್ಟೆ. ಮಿಕ್ಕ ಎರಡು ದಿನ ಗುಡ್ಡ, ಹಳ್ಳ, ಕೆಸರು ಎಲ್ಲ ಸುತ್ತಿದೆವು. ಅವನ ಕೈ ಪಟ್ಟಿ ಬಿಚ್ಚಲು ಹೋಗಲಿಲ್ಲ.

ಮನೆ ಮುಟ್ಟಿದಾಗ ಅವನ ಹೆಂಡತಿ ಮೊದಲು ಅವನ ತಲೆಯನ್ನೇ ಎರಡೂ ಕೈಯಲ್ಲಿ ಹಿಡಿದು ನೋಡಿದಳು. "ಪರವಾಗಿಲ್ಲ ಅಣ್ಣ, ಕೊಟ್ಟ ಹಾಗೇ ತಂದಿದೀರಿ," ಎಂದು ನಕ್ಕಳು.

ಕಿಡಿ ನಗಲಿಲ್ಲ. "ನಾಳೆ ಹೋಗಿ ನಿನಗೂ ಒಂದು ತರೋಣ," ಎಂದ.

"ನನಗ್ಯಾಕೆ ರೀ? ನಾನು ಓಡಿಸ್ತೀನಾ? ಹಿಂದೆ ಕೂರೋಳು. ಕೂದಲು ಬೇರೆ ಹಾಳಾಗುತ್ತೆ."

"ಕೂದಲು ಮತ್ತೆ ಬೆಳೆಯುತ್ತೆ ತಂಗಿ," ಎಂದು ನಾನು ಬಾಯಿ ಹಾಕಿದೆ.

ಕಿಡಿ ಬೈಕಿನ ಹಿಂದೆ ಕಟ್ಟಿದ್ದ ನನ್ನ ಒಡೆದ ಹೆಲ್ಮೆಟ್ಟನ್ನು ಬಿಚ್ಚಿ ತಂದು ಅವಳ ಕೈಗಿಟ್ಟ.

"ನೋಡು. ಇದು ಹಿಂದೆ ಕೂತವನದು ಕಣೇ."

ಅವಳು ಬಿರುಕಿನ ಮೇಲೆ ಬೆರಳಾಡಿಸಿದಳು, ಅಲ್ಲಿ ಗುಡ್ಡದಲ್ಲಿ ಅವನು ಆಡಿಸಿದ ಹಾಗೆಯೇ. "ನಾಳೆ ಬೆಳಿಗ್ಗೇನೇ ಹೋಗೋಣ," ಎಂದಳು.

ಈ ಕಥೆ ಕೇಳಿದ ಅಕ್ಕ ಅಣ್ಣಂದಿರೇ, ನಿಮ್ಮ ಹೆಲ್ಮೆಟ್ಟು ಈಗ ಎಲ್ಲಿದೆ? ಎದ್ದು ಹೋಗಿ ತಲೆಗೆ ಹಾಕಿ, ಪಟ್ಟಿ ಬಿಗಿಯಿರಿ, ತಲೆ ಕುಲುಕಿ. ಅಲುಗಿದರೆ ಇನ್ನೂ ಬಿಗಿಯಿರಿ. ಪೆಟ್ಟು ತಿಂದದ್ದಾದರೆ ಬದಲಿಸಿ. ದಾರಿ ಹತ್ತಿರದ್ದಿರಲಿ, ನಿಧಾನದ್ದಿರಲಿ, ಹಿಂದೆ ಕೂರುವವರಿಗೂ ಒಂದು ಇರಲಿ. ಆಮೇಲೆ ಎಲ್ಲಿಗೆ ಬೇಕಾದರೂ ಹೊರಡಿ. ತಲೆ ಕೆಡಿಸಿಕೊಂಡು ಬಾಗಿಲಲ್ಲಿ ನಿಂತು ಕಾಯುವವರು ನಿಮ್ಮ ಮನೆಯಲ್ಲೂ ಇದ್ದಾರೆ.