ಕೆಂಪು ಚುಕ್ಕೆಯ ತೋಟಾ

"ನಾನೂ ಬರ್ತೀನಿ," ಎಂದಳು ವರ್ನಾ.

ಆಲ್ಡನ್ ಥಾರ್ಸನ್‌ನ ಕೈಯಲ್ಲಿದ್ದ ಎಣ್ಣೆಬಟ್ಟೆ ರಿವಾಲ್ವರಿನ ನಳಿಕೆಯ ಮೇಲೆ ಅರ್ಧಕ್ಕೆ ನಿಂತಿತು. ಕೇಳಿಸದವನಂತೆ ಇನ್ನೊಮ್ಮೆ ಒರೆಸಿದ. ಇಪ್ಪತ್ತೆರಡು ವರ್ಷಗಳಿಂದ, ಶನಿವಾರ ಬೆಳಿಗ್ಗೆ ಅವನು ಗುಂಡು ಹೊಡೆಯುವ ಬಯಲಿಗೆ ಹೊರಟಾಗೆಲ್ಲ, ಹೆಂಡತಿ ಅಡುಗೆಮನೆಯ ಕಿಟಕಿಯ ಬಳಿ ನಿಂತು ತಟ್ಟೆ ತೊಳೆಯುತ್ತಿರುತ್ತಿದ್ದಳು. ತೊಳೆಯಲು ತಟ್ಟೆ ಇಲ್ಲದ ದಿನವೂ ನಲ್ಲಿಯ ಸದ್ದು ಕೇಳುತ್ತಿತ್ತು.

"ಅಲ್ಲಿ ಗಾಳಿ ಜಾಸ್ತಿ."

"ಕೋಟು ಇದೆ."

"ಡ್ವೇನ್ ಬಂದಿರ್ತಾನೆ."

"ಬರಲಿ. ಅವನೇನು ನನ್ನ ತಿಂದುಬಿಡ್ತಾನಾ?"

ಬುಧವಾರ ಊಟಕ್ಕೆ ಕೂತಾಗ, ಆಲೂಗಡ್ಡೆ ಬಡಿಸುತ್ತ, ತಿಂಗಳ ಕೊನೆಗೆ ಸ್ಪೋಕೇನ್‌ನಲ್ಲಿರುವ ಅಕ್ಕನ ಮನೆಗೆ ಹೋಗುತ್ತೇನೆ ಎಂದಿದ್ದಳು. ಎಷ್ಟು ದಿನಕ್ಕೆ ಎಂದು ಅವನು ಕೇಳಿದ್ದ. ಅಕ್ಕನ ಮನೆಯಲ್ಲಿ ಎರಡು ಕೋಣೆ ಸುಮ್ಮನೆ ಬಿದ್ದಿವೆ ಎಂದಿದ್ದಳು. ಅದು ತನ್ನ ಪ್ರಶ್ನೆಗೆ ಉತ್ತರವಲ್ಲ ಎನ್ನಲು ಅವನಿಗೆ ಧೈರ್ಯವಾಗಲಿಲ್ಲ. ಉತ್ತರವೇ ಆಗಿದ್ದರೆ?

ಅಂದಿನಿಂದ ಅವನು ಒಂದು ಮಾತನ್ನು ಬಾಯಿಪಾಠ ಮಾಡುತ್ತಿದ್ದ. ಶಾಲೆಯಲ್ಲಿ ಭೌತಶಾಸ್ತ್ರದ ಪಾಠದ ನಡುವೆ, ಮಕ್ಕಳಿಗೆ ಬೆನ್ನು ಹಾಕಿ, ಕರಿಹಲಗೆಯ ಎದುರು ತುಟಿ ಅಲುಗಿಸಿ ನೋಡಿದ್ದ. ಆವತ್ತು ಆದದ್ದು ತಪ್ಪಿ ಆದದ್ದಲ್ಲ, ವರ್ನಾ. ಗೊತ್ತಿದ್ದೇ ಕೊಟ್ಟೆ. ಇಷ್ಟು ಹೇಳಿಬಿಟ್ಟರೆ ಅವಳು ಉಳಿದಾಳು ಎಂದು ಅವನ ನಂಬಿಕೆ. ಅದನ್ನು ಕೇಳಿದ ಮೇಲೆ ಅವಳು ಯಾಕೆ ಉಳಿಯಬೇಕು ಎಂಬುದನ್ನು ಅವನು ಯೋಚಿಸಲು ಹೋಗಿರಲಿಲ್ಲ.

ನೆಲಮಾಳಿಗೆಯ ಕಬ್ಬಿಣದ ಕಪಾಟಿನಲ್ಲಿ ಹನ್ನೊಂದು ರಿವಾಲ್ವರುಗಳಿದ್ದವು. ಎಲ್ಲವೂ ಮ್ಯಾಗ್ನಮ್, ದಪ್ಪ ನಳಿಕೆಯ, ಕುದುರೆಯಂತೆ ಒದೆಯುವ ಜಾತಿ. ಅವುಗಳಲ್ಲಿ ನಾಲ್ಕರಿಂದ ಈವರೆಗೆ ಒಂದು ಗುಂಡೂ ಹೊರಟಿಲ್ಲ. ಗುಂಡು ಹಾಗಿರಲಿ, ತೋಟಾ ತುಂಬುವ ಚಕ್ರವನ್ನು ಬೆರಳಿನಿಂದ ತಿರುಗಿಸುವಂತೆಯೂ ಇಲ್ಲ. ಒಂದು ಸುತ್ತು ತಿರುಗಿದರೆ ಸಾಕು, ನೀಲಿ ಉಕ್ಕಿನ ಮೇಲೆ ಕೂದಲೆಳೆಯಂಥ ಗೆರೆ ಬೀಳುತ್ತದೆ. ಬಿದ್ದದ್ದು ಹೋಗುವುದಿಲ್ಲ. ಅವನ್ನು ಮುಟ್ಟುವಾಗ ಆಲ್ಡನ್ ಬಿಳಿಯ ಹತ್ತಿ ಕೈಗವಸು ಹಾಕುತ್ತಿದ್ದ.

ವರ್ನಾಳ ಬಲಹುಬ್ಬನ್ನು ಎರಡು ಮಾಡಿದ ಗೆರೆ ಕೂದಲೆಳೆಗಿಂತ ದಪ್ಪ. ಬೆಳಗಿನ ಕಾಫಿಗೆ ಎದುರು ಕೂತಾಗ ಅವನು ಪತ್ರಿಕೆ ಓದುತ್ತಿದ್ದ.

ಈಗ ಅವಳು ಕಪಾಟಿನ ಬಳಿ ಬಂದು, ಹಿಡಿಕೆ ಸವೆದ ಒಂದನ್ನು ತೋರಿಸಿದಳು. "ಅದನ್ನೇ ತಗೋ."

ಅದು ಆವತ್ತಿನದೇ. ಅವನು ತೆಗೆದುಕೊಂಡ.

ಪಿಕಪ್ಪಿನಲ್ಲಿ ಅವಳು ತೋಟಾದ ಎರಡು ಡಬ್ಬಿಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಎರಡೂ ಬದಿಯಲ್ಲಿ ಕೊಯ್ದ ಗೋಧಿಹೊಲ, ಅದರಾಚೆ ಬೋಳು ಬೆಟ್ಟ. ಆಮೇಲೆ ಅವಳು ಡಬ್ಬಿಯ ಮೇಲಿನ ಚೀಟಿಯನ್ನು ಓದತೊಡಗಿದಳು. ತಾರೀಖು. ಮದ್ದಿನ ತೂಕ. ಗುಂಡಿನ ತೂಕ. ಎಲ್ಲ ಆಲ್ಡನ್‌ನ ಪುಟ್ಟ, ನೆಟ್ಟಗಿನ ಅಕ್ಷರದಲ್ಲಿ. ತೋಟಾಗಳನ್ನು ಅವನು ಅಂಗಡಿಯಿಂದ ತರುತ್ತಿರಲಿಲ್ಲ. ಮದ್ದು ತೂಗಿ, ಗುಂಡು ಕೂರಿಸಿ, ಮನೆಯಲ್ಲೇ ಮಾಡುತ್ತಿದ್ದ.

"ಎಲ್ಲಾ ಡಬ್ಬಿಗೂ ಬರೀತೀಯಾ?"

"ಬರೀಲೇಬೇಕು."

"ಮೊದಲಿಂದ್ಲೂ?"

"ಹೂಂ, ಮೊದಲಿಂದ್ಲೂ."

ಅವಳು ಮುಚ್ಚಳ ತೆಗೆದು ಒಂದು ತೋಟಾವನ್ನು ತಲೆಕೆಳಗಾಗಿ ಹಿಡಿದಳು. "ಇದರ ಅಡೀಲಿ ಕೆಂಪು ಚುಕ್ಕೆ ಇದೆಯಲ್ಲ?"

"ಅದು ಪೂರ್ತಿ ಮದ್ದಿಂದು. ಹಗುರದ್ದಕ್ಕೆ ಚುಕ್ಕೆ ಇಡಲ್ಲ. ಹಂಗೆ ಮಾಡಿದ್ರೆ ಒಂದಕ್ಕೊಂದು ಬೆರೆಯೋ ಮಾತೇ ಇಲ್ಲ."

ಪಾಠ ಹೇಳುವ ಉತ್ಸಾಹದಲ್ಲಿ ಹೇಳಿಬಿಟ್ಟಿದ್ದ. ತಾನು ಏನು ಹೇಳಿದೆ ಎಂದು ಹೊಳೆಯುವಷ್ಟರಲ್ಲಿ ಅವಳು ಡಬ್ಬಿಯ ಮುಚ್ಚಳ ಮುಚ್ಚಿ ಕಿಟಕಿಯಾಚೆ ನೋಡುತ್ತಿದ್ದಳು.

ಡ್ವೇನ್ ಕೋಲ್‌ಸ್ಟಾಡ್ ತನ್ನ ಗಾಡಿಯ ಹಿಂಬಾಗಿಲು ಇಳಿಸಿ, ಅದರ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ. ಟ್ರ್ಯಾಕ್ಟರು ರಿಪೇರಿಯವನು, ಆಲ್ಡನ್‌ಗೆ ಮೂವತ್ತು ವರ್ಷದ ಜೊತೆಗಾರ. ವರ್ನಾಳನ್ನು ಕಂಡು ಟೋಪಿ ಹಿಂದಕ್ಕೆ ತಳ್ಳಿದ.

"ಅಯ್ಯಯ್ಯಪ್ಪಾ! ಏನ್ ಮೇಷ್ಟ್ರೇ, ಕೊನೆಗೂ ಹೆಂಡ್ತೀನ ಕಪಾಟಿಂದ ಹೊರಗೆ ತೆಗೆದ್ಯಾ? ಕೈಗವಸು ಹಾಕ್ಕೊಂಡಿದ್ದೆ ತಾನೆ?"

"ನನಗ್ಯಾಕೆ ಡ್ವೇನ್ ಕೈಗವಸು?" ವರ್ನಾ ನಗುತ್ತಲೇ ಹೇಳಿದಳು. "ನನಗೆ ಗೆರೆ ಬಿದ್ದು ಎಷ್ಟು ವರ್ಷ ಆಯ್ತು."

ಡ್ವೇನ್ ನಗಲು ಬಾಯಿ ತೆರೆದು, ಬದಲಿಗೆ ಕಾಫಿ ಕುಡಿದ.

ಇಪ್ಪತ್ತೆರಡು ವರ್ಷದ ಹಿಂದೆ, ಆವತ್ತೂ ಅವನಿದ್ದ. ಇನ್ನಿಬ್ಬರಿದ್ದರು, ಒಬ್ಬ ಸತ್ತ, ಒಬ್ಬ ಊರು ಬಿಟ್ಟ. ಆಲ್ಡನ್‌ಗೆ ಮದುವೆಯಾಗಿ ಒಂದು ವರ್ಷ. ವರ್ನಾ ಹಳದಿ ಸ್ವೆಟರ್ ಹಾಕಿದ್ದಳು. ಆಲ್ಡನ್ ಅವಳಿಗೆ ಹಗುರ ತೋಟಾ ಐದನ್ನು ತುಂಬಿಕೊಟ್ಟ. ಗುರಿಗೆಂದು ನಿಲ್ಲಿಸಿದ್ದ ಐದು ತಗಡಿನ ಡಬ್ಬಗಳಲ್ಲಿ ಅವಳು ನಾಲ್ಕನ್ನು ಉರುಳಿಸಿದಳು. "ಮೇಷ್ಟ್ರೇ, ಈ ಹುಡುಗಿಯ ಹತ್ರ ಪಾಠಕ್ಕೆ ಸೇರ್ಕೋ," ಎಂದ ಡ್ವೇನ್. ಎಲ್ಲರೂ ಚಪ್ಪಾಳೆ ತಟ್ಟಿದರು. ಆಲ್ಡನ್ ಕೂಡ ತಟ್ಟಿದ. ಆಮೇಲೆ, ಅವಳಿಗೆ ಬೆನ್ನು ಹಾಕಿ, ಇನ್ನೊಂದು ಡಬ್ಬಿಗೆ ಕೈ ಹಾಕಿದ.

ಬಯಲಿಗೆ ಬಂದ ಹೊಸಬರಿಗೆ ಹೇಳದೆ ಒಂದು ಪೂರ್ತಿ ಮದ್ದಿನ ತೋಟಾ ಕೊಡುವುದು, ಅವರು ಬೆಚ್ಚಿ ಹಿಂದೆ ಬೀಳುವುದನ್ನು ನೋಡಿ ನಗುವುದು, ಅವರೊಳಗೆ ನಡೆದುಬಂದ ತಮಾಷೆ. ಎಲ್ಲರಿಗೂ ಒಮ್ಮೆ ಆಗಿತ್ತು. ಆಲ್ಡನ್‌ಗೂ. ಆದರೆ ಅವನು ಅದನ್ನು ತಮಾಷೆಗೆ ಮಾಡಲಿಲ್ಲ.

ರಿವಾಲ್ವರು ಮೇಲಕ್ಕೆ ಚಿಮ್ಮಿ ಅವಳ ಹುಬ್ಬಿಗೆ ಅಪ್ಪಳಿಸಿತು. ರಕ್ತ ಕಾಣುವ ಮೊದಲು ಎಲ್ಲರೂ ನಕ್ಕಿದ್ದರು. ಆ ನಗುವಿನಲ್ಲಿ ತನ್ನದು ಎಷ್ಟು ಜೋರಾಗಿತ್ತು ಎಂಬುದು ಅವನಿಗೆ ಇವತ್ತಿಗೂ ಕೇಳಿಸುತ್ತದೆ. ಏಳು ಹೊಲಿಗೆ. ಆಸ್ಪತ್ರೆಯಲ್ಲಿ ಅವನು, "ತೋಟಾ ಅದಲುಬದಲಾಗಿಹೋಯ್ತು," ಎಂದ. "ಆಗತ್ತೆ ಬಿಡು," ಎಂದಳು. ಮಾಡದ ತಪ್ಪಿಗೆ ಅವಳು ಅವನನ್ನು ಕ್ಷಮಿಸಿದಳು. ಮಾಡಿದ್ದು ಹಾಗೆಯೇ ಉಳಿಯಿತು.

"ಮೇಷ್ಟ್ರ ಕೈ ನೋಡ್ಬೇಕು ನೀನು," ಡ್ವೇನ್ ಗಾಡಿಯಿಂದ ಇಳಿದು ಬಂದು ವರ್ನಾಗೆ ಹೇಳಿದ. "ಬಂಡೆ. ಒಂದಿಷ್ಟು ಜೀವಂತ ತೋಟಾ, ಒಂದಿಷ್ಟು ಹೊಡೆದ ಖಾಲಿ ಚಿಪ್ಪು, ಬೆರೆಸಿ ತುಂಬ್ತೀವಿ. ಎಲ್ಲಿ ಯಾವುದಿದೆ ಅಂತ ಹೊಡೆಯೋನಿಗೆ ಗೊತ್ತಿರಬಾರದು. ಖಾಲಿ ಬಂದಾಗ ಕೈ ಕುಲುಕಿತೋ, ಅವನು ಒದೆತಕ್ಕೆ ಹೆದರ್ತಾನೆ ಅಂತ ಲೆಕ್ಕ. ನನ್ನ ಕೈ ಕೋಳಿ ಕಾಳು ಹೆಕ್ಕಿದಂಗೆ ಕುಲುಕತ್ತೆ. ಇವನದ್ದು? ಊಹೂಂ."

"ಇವತ್ತು ನಾನು ತುಂಬಲಾ?" ಎಂದಳು ವರ್ನಾ.

ಡ್ವೇನ್‌ಗೆ ಖುಷಿಯಾಯಿತು. "ತುಂಬು ತಾಯಿ, ತುಂಬು! ಏಯ್ ಮೇಷ್ಟ್ರೇ, ಆ ಕಡೆ ತಿರುಗು." ಖಾಲಿ ಚಿಪ್ಪುಗಳ ಡಬ್ಬಿಯನ್ನು ಮರದ ಮೇಜಿನ ಮೇಲೆ ಅವಳತ್ತ ಸರಿಸಿ, ತನ್ನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಲು ಗಾಡಿಯತ್ತ ಹೋದ.

ಆಲ್ಡನ್ ತಿರುಗಿ ನಿಂತ. ಎದುರಿಗೆ ಒಣಹುಲ್ಲು, ಮುಳ್ಳುತಂತಿ. ಬೆನ್ನ ಹಿಂದೆ ಹಿತ್ತಾಳೆಯ ಸದ್ದು. ಒಂದು. ಎರಡು.

"ಆಲ್ಡನ್."

"ಹೂಂ."

"ಆವತ್ತು ನೀನೂ ಹಿಂಗೇ ಬೆನ್ನು ಹಾಕಿದ್ದೆ."

ಮೂರು. ನಾಲ್ಕು.

"ಆ ತೋಟಾಕ್ಕೆ ಚುಕ್ಕೆ ಇತ್ತಾ?"

ಬುಧವಾರದಿಂದ ಸಾಕಿದ ಮಾತು ನಾಲಿಗೆಯ ತುದಿಗೆ ಬಂತು. ಅದರ ರುಚಿ ಕೂಡ ಗೊತ್ತಾಯಿತು, ಎಣ್ಣೆ ಹಚ್ಚಿದ ಉಕ್ಕಿನಂತೆ. ಇಷ್ಟು ಸುಲಭದ ಬಾಗಿಲನ್ನು ಅವಳೇ ತೆರೆದಿಟ್ಟಿದ್ದಳು. ಒಂದು ಹೆಜ್ಜೆ ಇಟ್ಟರೆ ಸಾಕಿತ್ತು.

"ನೆನಪಿಲ್ಲ," ಎಂದ.

ಐದು. ಆರು. ಚಕ್ರ ಒಳಸೇರಿ ಕಚ್ಚಿಕೊಂಡ ಸದ್ದು.

"ಸರಿ," ಎಂದಳು ವರ್ನಾ. "ತಗೋ."

ಮೂವತ್ತು ವರ್ಷ ಪಳಗಿದ ಅಂಗೈಗೆ ತೂಕದಿಂದಲೇ ತಿಳಿಯಬೇಕಿತ್ತು, ಒಳಗೆ ಎಷ್ಟು ಜೀವಂತ, ಎಷ್ಟು ಖಾಲಿ ಎಂದು. ಇವತ್ತು ಅಂಗೈ ಏನೂ ಹೇಳಲಿಲ್ಲ. ಕಿವಿಗೆ ಕಿವಿಮುಚ್ಚುಗ ಏರಿಸಿ, ದೂರದಲ್ಲಿ ತೂಗುವ ಕಬ್ಬಿಣದ ಹಲಗೆಗೆ ಗುರಿಯಿಟ್ಟ. ಟ್ರಿಗರ್ ಒತ್ತಿದ.

ಟಕ್.

ನಳಿಕೆಯ ತುದಿ ಗಕ್ಕನೆ ನೆಲದತ್ತ ಬಾಗಿತು.

"ಓಹೋ! ಬಂಡೆ ಅಲುಗಿತು!" ಗಾಡಿಯ ಕಡೆಯಿಂದ ಡ್ವೇನ್ ಕೂಗಿದ್ದು ಮಂದವಾಗಿ ಕೇಳಿಸಿತು.

ಎರಡನೆಯದು. ಟಕ್. ಮತ್ತೆ ಬಾಗಿತು. ಮೂರನೆಯದಕ್ಕೂ ಬಾಗಿತು. ಡ್ವೇನ್ ಇನ್ನು ನಗಲಿಲ್ಲ. ನಾಲ್ಕನೆಯದಕ್ಕೆ ಆಲ್ಡನ್ ಹಲ್ಲು ಕಚ್ಚಿ, ಮಣಿಕಟ್ಟನ್ನು ಎಡಗೈಯಿಂದ ಬಿಗಿಹಿಡಿದ. ಎರಡೂ ಕೈ ಕೂಡಿಯೇ ಬಾಗಿದವು.

ಪ್ರತಿಯೊಂದು ಕ್ರಿಯೆಗೂ ಪ್ರತಿಕ್ರಿಯೆ ಉಂಟು ಎಂದು ಅವನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿರಬಹುದು. ಎಷ್ಟು ವರ್ಷದ ನಂತರ ಎಂದು ಪುಸ್ತಕದಲ್ಲಿ ಇರಲಿಲ್ಲ.

ಆರೂ ಮುಗಿದವು. ಪಕ್ಕದ ಮರದ ಮೇಜಿನತ್ತ ನೋಡಿದ. ಪೂರ್ತಿ ಮದ್ದಿನ ಆರು ತೋಟಾಗಳನ್ನು ವರ್ನಾ ತಲೆಕೆಳಗಾಗಿ, ಸಾಲಾಗಿ ನಿಲ್ಲಿಸಿ ಹೋಗಿದ್ದಳು. ಆರು ಕೆಂಪು ಚುಕ್ಕೆಗಳು ಆಕಾಶ ನೋಡುತ್ತಿದ್ದವು.

ಅವಳು ಆಗಲೇ ಪಿಕಪ್ಪಿನೊಳಗೆ ಕೂತಿದ್ದಳು. ಕೋಟಿನ ಗುಂಡಿ ಕತ್ತಿನವರೆಗೆ ಹಾಕಿಕೊಂಡು, ನೆಟ್ಟಗೆ, ದಾರಿಯ ಕಡೆ ನೋಡುತ್ತ.

"ಮೇಷ್ಟ್ರೇ, ಸಾಕು ಬಾರೋ," ಡ್ವೇನ್ ಹತ್ತಿರ ಬಂದು ಮೆಲ್ಲಗೆ ಹೇಳಿದ. "ಕಾಫಿ ಆರ್ತಿದೆ."

ಆಲ್ಡನ್ ಮತ್ತೆ ಗುರಿಯಿಟ್ಟ. ಆರೂ ಖಾಲಿ ಎಂದು ಅವನಿಗೀಗ ಚೆನ್ನಾಗಿ ಗೊತ್ತಿತ್ತು. ಒದೆಯಲು ಅದರೊಳಗೆ ಏನೂ ಇರಲಿಲ್ಲ. ಒಂದೇ ಒಂದು ಸಲ ಅದು ನೆಟ್ಟಗೆ ನಿಂತರೆ ಸಾಕು, ಆಮೇಲೆ ಹೋಗಿ ಗಾಡಿ ಹತ್ತುತ್ತೇನೆ ಎಂದುಕೊಂಡ. ಏಳನೆಯ ಸಲ ಒತ್ತಿದ. ಎಂಟನೆಯ ಸಲ. ಪೆಟ್ಟು ಬೀಳದ ಹಲಗೆ ಗಾಳಿಗೆ ಅತ್ತಿತ್ತ ತೂಗುತ್ತಿತ್ತು. ಅದರ ಎದುರು ಉಕ್ಕಿನ ನಳಿಕೆ, ಪ್ರತಿ ಟಕ್ಕಿಗೂ ಒಮ್ಮೆ, ತಲೆ ತಗ್ಗಿಸುತ್ತಲೇ ಇತ್ತು.